ಹಳೆಯ ಫೋನಿನಿಂದ ದೂರದ ಸರ್ವರ್ ಕೆಲಸ ಮಾಡಬಹುದೇ?

ಪ್ರಶ್ನೆ: ನನ್ನ ಬಳಿ 2 ಜಿಬಿ ರ‍್ಯಾಮ್‌ನ ಹಳೆಯ ಆಂಡ್ರಾಯ್ಡ್ ಫೋನ್ ಇದೆ. ಬ್ಲೂಟೂತ್ ಕೀಬೋರ್ಡ್ ಜೋಡಿಸಿಕೊಂಡರೆ ಪ್ರಯಾಣದಲ್ಲಿ ಸರ್ವರ್ ನೋಡಿಕೊಳ್ಳಲು ಅದು ಸಾಲುವುದೇ?

ಉತ್ತರ: ಧಾರಾಳವಾಗಿ ಸಾಲುತ್ತದೆ. ಟರ್ಮಿನಲ್ ಕೆಲಸದಲ್ಲಿ (ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಕೆಲಸದಲ್ಲಿ) ಲೆಕ್ಕಾಚಾರವೆಲ್ಲ ನಡೆಯುವುದು ದೂರದ ಯಂತ್ರದಲ್ಲಿ. ನೀವು ಒತ್ತಿದ ಅಕ್ಷರಗಳನ್ನು ಅಲ್ಲಿಗೆ ತಲುಪಿಸಿ, ಅಲ್ಲಿಂದ ಬಂದ ಸಾಲುಗಳನ್ನು ತೋರಿಸುವುದಷ್ಟೇ ಫೋನಿನ ಪಾಲು. ಆಂಡ್ರಾಯ್ಡ್ 7 ಅಥವಾ ಅನಂತರದ ಆವೃತ್ತಿಯಿದ್ದರೆ ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಿಂದ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಂಡು, ಅದರೊಳಗೆ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಓಪನ್‌ಎಸ್‌ಎಸ್‌ಎಚ್ ಸೇರಿಸಿಕೊಳ್ಳಿ.

ಪ್ರಯಾಣದಲ್ಲಿ ನಿಜವಾಗಿ ಕಾಡುವುದು ಪದೇ ಪದೇ ಕಡಿಯುವ ನೆಟ್‌ವರ್ಕ್. ಸರ್ವರ್‌ನಲ್ಲಿ ಟಿಮಕ್ಸ್ (ಟರ್ಮಿನಲ್ ಕೆಲಸವನ್ನು ಸರ್ವರ್‌ನಲ್ಲೇ ಜೀವಂತವಾಗಿಡುವ ತಂತ್ರಾಂಶ) ತೆರೆದು ಅದರೊಳಗೇ ಕೆಲಸ ಮಾಡಿದರೆ, ಸಂಪರ್ಕ ತಪ್ಪಿದರೂ ಅಲ್ಲಿನ ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ಮತ್ತೆ ಲಾಗಿನ್ ಆಗಿ ಅದೇ ಟಿಮಕ್ಸ್‌ಗೆ ಮರಳಿ ಸೇರಿಕೊಂಡರೆ ನಿಮ್ಮ ಕೆಲಸ ಅಲ್ಲೇ ಸಿಗುತ್ತದೆ. ಮಾಶ್ ಎಂಬ ದೂರಸಂಪರ್ಕ ತಂತ್ರಾಂಶವನ್ನೂ ಬಳಸಿದರೆ, ವೈಫೈನಿಂದ ಮೊಬೈಲ್ ಡೇಟಾಕ್ಕೆ ಬದಲಾದರೂ ಸಂಪರ್ಕ ಉಳಿಯುತ್ತದೆ. ನೆಟ್‌ವರ್ಕ್ ನಿಧಾನವಾದಾಗ ಸರ್ವರ್ ಇನ್ನೂ ಒಪ್ಪಿರದ ಅಕ್ಷರಗಳನ್ನು ಅದು ಅಡಿಗೆರೆಯೊಂದಿಗೆ ತೋರಿಸುತ್ತದೆ. ಅದಕ್ಕಾಗಿ ಸರ್ವರ್‌ನಲ್ಲೂ ಮಾಶ್ ಇರಬೇಕು, ಅದು ಮಾಹಿತಿ ಸಾಗಿಸುವ ಯುಡಿಪಿ ಪೋರ್ಟ್‌ಗಳು, ಅಂದರೆ ನೆಟ್‌ವರ್ಕ್ ದ್ವಾರಗಳು (ಸಾಮಾನ್ಯವಾಗಿ 60000ದಿಂದ 61000), ಸರ್ವರ್‌ನಲ್ಲಿ ತೆರೆದಿರಬೇಕು.

ಆದರೆ ನನ್ನ ಚಿಂತೆಯೆಲ್ಲ ಸುರಕ್ಷತೆಯದು. ಇಂಥ ಫೋನುಗಳಿಗೆ ಭದ್ರತಾ ಅಪ್‌ಡೇಟ್ ಬರುವುದು ಬಹುಮಟ್ಟಿಗೆ ನಿಂತಿರುತ್ತದೆ. ಆದ್ದರಿಂದ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ಬ್ಯಾಂಕ್ ಆ್ಯಪ್, ಖಾಸಗಿ ಇಮೇಲ್ ಯಾವುದನ್ನೂ ಹಾಕದೆ, ಅದನ್ನು ಈ ಒಂದೇ ಕೆಲಸಕ್ಕೆ ಮೀಸಲಿಡಿ. ಲ್ಯಾಪ್‌ಟಾಪ್‌ನ ಖಾಸಗಿ ಕೀಲಿಯನ್ನು (ಸರ್ವರ್‌ಗೆ ನಿಮ್ಮ ಗುರುತು ಸಾಬೀತುಪಡಿಸುವ ಗುಟ್ಟಿನ ಕಡತವನ್ನು) ದಯವಿಟ್ಟು ಇದಕ್ಕೆ ನಕಲಿಸಬೇಡಿ. ಫೋನಿನಲ್ಲೇ ಪಾಸ್‌ಫ್ರೇಸ್ (ಕೀಲಿಯನ್ನು ಕಾಯುವ ಉದ್ದನೆಯ ಗುಪ್ತಪದ) ಸಹಿತ ಬೇರೊಂದು ಕೀಲಿ ರಚಿಸಿ. ಕಚೇರಿಯ ಸರ್ವರ್ ಆಗಿದ್ದರೆ ಅನುಮತಿ ಪಡೆದೇ ಮುಂದುವರಿಯಿರಿ.

ಹಿಂಬದಿಯ ಮುಚ್ಚಳ ಉಬ್ಬಿದ್ದರೆ ಅಥವಾ ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಆ ಫೋನನ್ನು ಚಾರ್ಜಿಗೆ ಹಾಕಲೇಬಾರದು. ದೊಡ್ಡ ಪರದೆಗೆ ಜೋಡಿಸುವ ಆಸೆಯಿದ್ದರೆ, ಯುಎಸ್‌ಬಿ-ಸಿ ಕಿಂಡಿ ಇದ್ದ ಮಾತ್ರಕ್ಕೆ ವಿಡಿಯೊ ಹೊರಬರುವುದಿಲ್ಲವಾದ್ದರಿಂದ, ಅಡಾಪ್ಟರ್ ಕೊಳ್ಳುವ ಮುನ್ನ ನಿಮ್ಮ ಮಾದರಿಯ ವಿವರ ನೋಡಿಕೊಳ್ಳಿ.

ಫೋನ್ ಕಳೆದುಹೋದರೆ, ಯಾವ ಕೀಲಿಗಳಿಗೆ ಪ್ರವೇಶವಿದೆ ಎಂದು ಪಟ್ಟಿ ಮಾಡುವ ಸರ್ವರ್‌ನ ಆಥರೈಸ್ಡ್ ಕೀಸ್ ಕಡತದಿಂದ ಆ ಕೀಲಿಯ ಸಾಲನ್ನು ಅಳಿಸಿ. ಇದರಿಂದ ಹೊಸ ಲಾಗಿನ್ ಮಾತ್ರ ನಿಲ್ಲುತ್ತದೆ. ಈಗಾಗಲೇ ತೆರೆದಿರುವ ಸಂಪರ್ಕವನ್ನು, ಮಾಶ್ ಬಳಸಿದ್ದರೆ ಅದರ ಸರ್ವರ್ ಪ್ರಕ್ರಿಯೆಯನ್ನೂ, ಬೇರೆಯಾಗಿ ಕೊನೆಗೊಳಿಸಬೇಕು.