ಕೊಡೆ ಬಿಡದ ಶಿಲೀಂಧ್ರ, ಸೊರಗುವ ಮೇಪಲ್

ಕೆನಡಾದ ಬಾವುಟದ ಮೇಲಿನ ಎಲೆ ಗೊತ್ತಲ್ವಾ, ಅದು ಮೇಪಲ್. ಅದರಲ್ಲಿ ಸಕ್ಕರೆ ಮೇಪಲ್ ಅಂತ ಒಂದಿದೆ. ಕಾಂಡಕ್ಕೆ ತೂತು ಕೊರೆದು ರಸ ಇಳಿಸಿ, ನಾವು ಜೋನಿಬೆಲ್ಲ ಕಾಯಿಸುವ ಹಾಗೆ ಕಾಯಿಸಿದರೆ ಸಿರಪ್. 1980ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಈ ಮರಗಳ ತುದಿ ಒಣಗತೊಡಗಿದಾಗ ಆಮ್ಲ ಮಳೆಯ ಮೇಲೆ ಎಲ್ಲರ ಕಣ್ಣು ಬಿತ್ತು. ತಪ್ಪೇನಲ್ಲ. ಆದರೆ ಬೇರಿನ ಕಡೆ ನೋಡಿದವರು ಕಡಿಮೆ.

ಬೇರಿಗೂ ಶಿಲೀಂಧ್ರಕ್ಕೂ ಇರುವ ನಂಟಿಗೆ 1885ರಲ್ಲೇ ಮೈಕೊರೈಝಾ ಎಂದು ಹೆಸರಿಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಸರ್ಕಾರ ಅವರಿಗೆ ಒಪ್ಪಿಸಿದ್ದ ಕೆಲಸ ಬೇರೆಯೇ, ಟ್ರಫಲ್ ಎಂಬ ದುಬಾರಿ ಅಣಬೆ ಬೆಳೆಯಲು ದಾರಿ ಹುಡುಕುವುದು! ಅವರು ಕಂಡದ್ದು ಬೇರಿನ ತುದಿಗೆ ಕಾಲುಚೀಲದ ಹಾಗೆ ಸುತ್ತಿಕೊಳ್ಳುವ ಜಾತಿ, ಬೀಚ್, ಓಕ್, ಪೈನ್‌ಗಳದ್ದು. ಮೇಪಲ್‌ನದು ಬೇರಿನ ಜೀವಕೋಶದೊಳಗೇ ನುಗ್ಗುತ್ತದೆ, ನೆಲದ ಮೇಲೆ ಅಣಬೆಯ ಕೊಡೆ ಬಿಡುವುದೇ ಇಲ್ಲ. ಬೇರನ್ನು ಕ್ಷಾರದಲ್ಲಿ ಬೇಯಿಸಿ, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದೊಳಗೆ ಕವಲೊಡೆದ ಪುಟಾಣಿ ನೀಲಿ ಮರ ಕಾಣುತ್ತದೆ. ಕೊಡುಕೊಳ್ಳುವ ವ್ಯಾಪಾರವೆಲ್ಲ ಅಲ್ಲೇ: ಶಿಲೀಂಧ್ರ ರಂಜಕ ತಂದುಕೊಡುತ್ತದೆ, ಮರ ಸಕ್ಕರೆ ಕೊಡುತ್ತದೆ. ನಮ್ಮ ರಾಗಿ, ಜೋಳದ ಬೇರಿನಲ್ಲಿರುವುದೂ ಇದೇ ಗುಂಪು. ಜೈವಿಕ ಗೊಬ್ಬರ ಅಂತ 'ವ್ಯಾಮ್' ಮಾರುತ್ತಾರಲ್ಲ, ಅದು. (ಮರಗಳು ಮಣ್ಣೊಳಗೆ ಮಾತಾಡುತ್ತವೆ ಅನ್ನೋ ಸುದ್ದಿಗೆ ಮೂಲವಾದ 1997ರ ಪ್ರಯೋಗ ಕಾಲುಚೀಲದ ಜಾತಿಯ ಮೇಲೆ ನಡೆದದ್ದು. ಮೇಪಲ್‌ಗೆ ಆ ಬಳಗದಲ್ಲಿ ಜಾಗವಿಲ್ಲ.)

ಆಮ್ಲ ಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದುಕೊಂಡು ಹೋಗಿತ್ತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನಲ್ಲಿ 1999ರಲ್ಲಿ ಸುಮಾರು 12 ಹೆಕ್ಟೇರಿಗೆ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಖನಿಜ ಚೆಲ್ಲಿದರು. ಆಮೇಲೆ ಅಲ್ಲಿನ ಮೇಪಲ್ ಸಸಿಗಳ ಬೇರು ನೋಡಿದರೆ ಶೇ 22ರಷ್ಟು ಉದ್ದದಲ್ಲಿ ಶಿಲೀಂಧ್ರ ಇತ್ತು. ಪಕ್ಕದ, ಏನೂ ಹಾಕದ ಕಾಡಿನಲ್ಲಿ ಶೇ 4ರ ಆಸುಪಾಸು, ಅಷ್ಟೇ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಮಯುಗದಲ್ಲಿ ಮಂಜುಗಡ್ಡೆ ಹಾಸಿದ್ದ ಈ ಉತ್ತರದ ಕಾಡುಗಳಲ್ಲಿ ಎರೆಹುಳುವೇ ಇರಲಿಲ್ಲ. ಈಗಿರುವವು ಯುರೋಪಿನಿಂದ ಬಂದವು. ಗಾಳ ಹಾಕುವವರು ಉಳಿದ ಹುಳುಗಳನ್ನು ದಂಡೆಯಲ್ಲೇ ಸುರಿದು ಹೋಗುತ್ತಾರೆ. ನಮ್ಮಲ್ಲಿ ಎರೆಹುಳು ಅಂದ್ರೆ ರೈತನ ನೆಂಟ. ಅಲ್ಲಿ ಮಾತ್ರ ಅದು ಮೇಪಲ್ ಸಸಿ ಬೇರಿಳಿಸುವ ತರಗೆಲೆ ಹಾಸನ್ನೇ ತಿಂದು ಮುಗಿಸುತ್ತದೆ, ಬೇರಿನ ಶಿಲೀಂಧ್ರವೂ ಕಡಿಮೆಯಾಗುತ್ತದೆ.

ಮೇಲಿಂದ ಗಾರ್ಲಿಕ್ ಮಸ್ಟರ್ಡ್ ಅನ್ನೋ ಕಳೆ. ಇದೂ ಯುರೋಪಿನದೇ, 1868ರಲ್ಲೇ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಕಂಡಿತ್ತು. ಎಲೆ ಉಜ್ಜಿದರೆ ಬೆಳ್ಳುಳ್ಳಿ ವಾಸನೆ. ಸಾಸಿವೆ ಕುಟುಂಬಕ್ಕೆ ಸಾಮಾನ್ಯವಾಗಿ ಈ ಶಿಲೀಂಧ್ರದ ಹಂಗಿಲ್ಲ, ಅದಕ್ಕೇ ಈ ಗಿಡ ತನ್ನ ರಾಸಾಯನಿಕಗಳಿಂದ ಮಣ್ಣಿನ ಶಿಲೀಂಧ್ರವನ್ನು ಕೊಂದರೂ ತನಗೇನೂ ನಷ್ಟವಿಲ್ಲ. ನಷ್ಟವೆಲ್ಲ ಮೇಪಲ್ ಸಸಿಗೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತು.

ಈಗ ಸೆಕೆ ಜಾಸ್ತಿಯಾಗುತ್ತಿದೆ, ಮೇಪಲ್ ಉತ್ತರಕ್ಕೆ ಸರಿಯಬೇಕು. ಅಲ್ಲಿ ಸ್ಪ್ರೂಸ್, ಫರ್ ಮರಗಳ ಕಾಡು, ಮಣ್ಣಲ್ಲಿ ಕಾಲುಚೀಲದ ಜಾತಿಯದ್ದೇ ಕಾರುಬಾರು. ಕ್ವಿಬೆಕ್‌ನ ಸಂಶೋಧಕರು ಆ ಮಣ್ಣಿನಲ್ಲಿ ಮೇಪಲ್ ಬೆಳೆಸಿ ನೋಡಿದಾಗ ಸಸಿಗಳು ಸೊರಗಿದವು.