ಬೇವಿನ ಕಡ್ಡಿಗೆ ಹಲ್ಲಿನ ಕಂದು ಪಟ್ಟಿ ಹೋಗುತ್ತಾ?

ಪ್ರಶ್ನೆ: ನಮ್ಮದು ಕುಷ್ಟಗಿ ಹತ್ತಿರದ ಹಳ್ಳಿ. ಮಗನಿಗೆ 12 ವರ್ಷ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿ ಇವೆ. ನಗುವಾಗ ಕೈ ಅಡ್ಡ ಹಿಡಿಯುತ್ತಾನೆ. ದಿನಾ ಬೇವಿನ ಕಡ್ಡಿಯಲ್ಲಿ ಉಜ್ಜಿಸಿದರೆ ಹೋಗುತ್ತವಾ?

ಹೋಗುವುದಿಲ್ಲ. ಹಾಗಂತ ಕಡ್ಡಿ ಬಿಡಿಸಲೂ ಬೇಡಿ.

ಕುಷ್ಟಗಿ, ಯಲಬುರ್ಗಾ ಕಡೆ ಇಂಥ ಹಲ್ಲಿಗೆ ಹೆಚ್ಚಾಗಿ ಬೋರ್‌ವೆಲ್ ನೀರೇ ಕಾರಣ. ಆಳದ ನೀರು ಬಂಡೆಯೊಳಗಿನ ಫ್ಲೋರೈಡ್ ಎಂಬ ಲವಣವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಹಲ್ಲು ಒಸಡಿನೊಳಗೆ ಇನ್ನೂ ಬೆಳೆಯುತ್ತಿರುವಾಗ, ಅಂದರೆ ಸುಮಾರು 8 ವರ್ಷದೊಳಗೆ, ಮಗು ಆ ನೀರು ಕುಡಿದರೆ ಹಲ್ಲಿನ ಹೊರಪದರವೇ ಕೆಡುತ್ತದೆ. ಮೊದಲು ಸುಣ್ಣ ಬಳಿದಂಥ ಬಿಳಿ ಗೆರೆ, ಜಾಸ್ತಿಯಾದರೆ ಕಂದು. ಕಲೆ ಹಲ್ಲಿನ ಮೇಲೆ ಕೂತದ್ದಲ್ಲ, ಪದರದೊಳಗೇ ಸೇರಿಕೊಂಡದ್ದು. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ ಅಷ್ಟೆ. ಸರಿಯಾಗಿ ಹಲ್ಲುಜ್ಜಲ್ಲ ಅಂತ ಹುಡುಗನನ್ನು ದಯವಿಟ್ಟು ಬೈಯಬೇಡಿ.

ಇನ್ನು ಬೇವು. ನಮ್ಮಜ್ಜ ಹೊಲದ ದಾರಿಯಲ್ಲಿ ಕಿರುಬೆರಳು ದಪ್ಪದ, ಗೇಣುದ್ದದ ಎಳೇ ಕಡ್ಡಿ ಮುರಿಯುತ್ತಿದ್ದ. ತುದಿಯ ಸಿಪ್ಪೆ ತೆಗೆದು ದವಡೆಯಲ್ಲಿಟ್ಟು ಜಗಿಯುತ್ತಾ ನಡೆಯುತ್ತಿದ್ದ. ನಾರು ಬಿಚ್ಚಿ ಕುಂಚದಂತಾದ ಮೇಲೆಯೇ ಹಲ್ಲಿಗೆ ತಾಗಿಸುತ್ತಿದ್ದ. ಕೊನೆಗೆ ಕಡ್ಡಿ ಸೀಳಿ ನಾಲಿಗೆ ಹೆರೆದು ಎಸೆಯುತ್ತಿದ್ದ. ಹಾಗೆ ನಿಧಾನವಾಗಿ ಜಗಿದರೆ ಜೊಲ್ಲು ಬರುತ್ತದೆ, ಅದೇ ಬಾಯಿ ತೊಳೆಯುತ್ತದೆ. ಬೇವಿನ ಕಹಿರಸ ಹಲ್ಲಿಗೆ ಪಾಚಿ ಕಟ್ಟಿಸುವ ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ಒಸಡಿಗೂ ಒಳ್ಳೆಯದು. ಆದರೆ ಹಲ್ಲಿನ ಸಂದಿಗೆ, ಒಳಬದಿಗೆ ಕಡ್ಡಿ ಸರಿಯಾಗಿ ತಲುಪುವುದಿಲ್ಲ. ಬೆಳಿಗ್ಗೆ ಕಡ್ಡಿ ಇರಲಿ, ರಾತ್ರಿ ಮಲಗುವ ಮುಂಚೆ ಮೆತ್ತನೆಯ ಬ್ರಷ್ ಬೇಕೇ ಬೇಕು. ಒಣಗಿದ ಕಡ್ಡಿ ಒಸಡು ಗೀರುತ್ತದೆ. ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ಹೊಲದ ಬದುವಿನ ಮರದ್ದೂ ಬೇಡ. ಬೇವಿನೆಣ್ಣೆಯನ್ನಂತೂ ಮಕ್ಕಳ ಬಾಯಿಗೆ ಹಾಕಲೇಬೇಡಿ. ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಅದು ವಿಷ.

ಮನೆಯಲ್ಲಿ ಇವನಿಗಿಂತ ಚಿಕ್ಕವರಿದ್ದಾರಾ? ಹಾಗಿದ್ದರೆ ಮೊದಲು ನೀರಿನ ಕಡೆ ನೋಡಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ರವರೆಗೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯಾಗುತ್ತದೆ. ಬೋರ್ ನೀರಿನ ಪರೀಕ್ಷೆ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಅಲ್ಲಿಯವರೆಗೆ ಕುಡಿಯಲಿಕ್ಕೆ ಮಾತ್ರವಲ್ಲ, ಅನ್ನ, ಬೇಳೆ ಬೇಯಿಸಲಿಕ್ಕೂ ಊರಿನ ಆರ್‌ಒ (ನೀರು ಶುದ್ಧ ಮಾಡುವ) ಘಟಕದ ನೀರನ್ನೇ ತನ್ನಿ.

ಮಗನನ್ನು ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಕಲೆ ತೆಳುವಾಗಿದ್ದರೆ ಮೇಲ್ಪದರವನ್ನು ನವಿರಾಗಿ ಉಜ್ಜಿ ತೆಗೆಯುತ್ತಾರೆ. ಆಳವಾಗಿದ್ದರೆ ಹಲ್ಲಿನ ಬಣ್ಣದ್ದೇ ಲೇಪ ಕೂರಿಸಿ ಮುಚ್ಚುತ್ತಾರೆ. ಕೈ ಅಡ್ಡ ಹಿಡಿಯದೆ ನಗಲಿಕ್ಕೆ ಅಷ್ಟು ಸಾಕಾಗುತ್ತದೆ.