ಚುಕ್ಕಿ ಎಲ್ಲಿಡಬೇಕು?

ಕೋಲಾರದ ಕಡೆಯ ಬೋರ್‌ವೆಲ್ ನೀರು ಲ್ಯಾಬ್‌ಗೆ ಬಂದಿದೆ ಅಂದುಕೊಳ್ಳಿ. ಫ್ಲೋರೈಡ್ ಎಷ್ಟಿದೆ ಅಂತ ಹೇಳಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಮಕ್ಕಳ ಹಲ್ಲಿನ ವಿಷಯ, ಅಂದಾಜಿನಲ್ಲಿ ಹೇಳುವಂಥದ್ದಲ್ಲ.

ಸ್ಪಾಡ್ನ್ಸ್ ಅನ್ನುವ ವಿಧಾನದಲ್ಲಿ ಕೆಂಪು ಬಣ್ಣದ ಜಿರ್ಕೋನಿಯಂ ದ್ರಾವಣಕ್ಕೆ ಈ ನೀರನ್ನು ಬೆರೆಸುತ್ತೇವೆ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ, ಕೆಂಪು ತಿಳಿಯಾಗುತ್ತದೆ. ಎಷ್ಟು ತಿಳಿಯಾಯಿತು ಅಂತ 570 ನ್ಯಾನೋಮೀಟರ್ ಬೆಳಕಿನಲ್ಲಿ ನೋಡುತ್ತೇವೆ. ಆದರೆ ಯಂತ್ರ ತೋರಿಸುವುದು ಬಣ್ಣವನ್ನು, ಮಿಲಿಗ್ರಾಂ ಅಲ್ಲ. ಅದಕ್ಕೇ ಫ್ಲೋರೈಡ್ ಎಷ್ಟೆಂದು ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್‌ಗಳನ್ನು ಅಳೆದು, ಗ್ರಾಫಿನಲ್ಲಿ ಚುಕ್ಕಿಯಿಟ್ಟು ಗೆರೆ ಎಳೆಯಬೇಕು.

ಸುಲಭದ ದಾರಿ ಅಂದರೆ ಒಂದು ಸ್ಟ್ಯಾಂಡರ್ಡ್‌ಗೆ ಅಷ್ಟೇ ನೀರು ಬೆರೆಸಿ ಮುಂದಿನದನ್ನು ಮಾಡುತ್ತಾ, ಅರ್ಧರ್ಧ ಇಳಿಸುತ್ತಾ ಹೋಗುವುದು: 1.6, 0.8, 0.4, 0.2, 0.1, 0.05. ಆರು ಚುಕ್ಕಿ ಆಯಿತು, ಅಲ್ವಾ? ಗ್ರಾಫ್ ನೋಡಿ. ನಾಲ್ಕು ಚುಕ್ಕಿ ಎಡ ಮೂಲೆಯಲ್ಲಿ ಗುಂಪು ಸೇರಿವೆ, 1.6 ದೂರದಲ್ಲಿ ಒಂಟಿ. ಆ ಒಂಟಿ ಚುಕ್ಕಿಯ ರೀಡಿಂಗ್ ನೂರು ಪಾಲು ತಪ್ಪಿದರೆ, ಗೆರೆಯೂ ಅಲ್ಲಿ 82 ಪಾಲು ಅದರ ಹಿಂದೆಯೇ ಹೋಗಿಬಿಡುತ್ತದೆ. ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಈ ವಿಧಾನ ನಂಬಬಹುದಾದದ್ದು 1.4ರವರೆಗೆ ಮಾತ್ರ. ಜಾಸ್ತಿ ಬಲ ಇರುವ ಚುಕ್ಕಿಯೇ ಎಲ್ಲೆಯ ಆಚೆ ಕೂತಿದೆ! ಮೊದಲ ಪಿಪೆಟ್‌ನಲ್ಲಾದ ತಪ್ಪು ಕೊನೆಯ ಫ್ಲಾಸ್ಕ್‌ವರೆಗೂ ಇಳಿಯುತ್ತದೆ, ಅದು ಬೇರೆ.

0.4, 0.6, 0.8, 1.0, 1.2, 1.4 ತೆಗೆದುಕೊಳ್ಳಿ. ಒಂದೊಂದನ್ನೂ ಮೂಲ ದ್ರಾವಣದಿಂದಲೇ ಬೇರೆಬೇರೆಯಾಗಿ ಮಾಡಿ. ಈಗ ತುದಿಯ ಚುಕ್ಕಿಯ ಹಿಡಿತ 52 ಪಾಲಿಗೆ ಇಳಿಯುತ್ತದೆ. ನಮ್ಮ ತೀರ್ಪು ನಿಂತಿರುವ 1.0ರ ಎರಡೂ ಪಕ್ಕದಲ್ಲಿ ಚುಕ್ಕಿಗಳಿವೆ.

ಚುಕ್ಕಿಗಳು ಗೆರೆಗೆ ಎಷ್ಟು ಹೊಂದುತ್ತವೆ ಅಂತ ಹೇಳುವ ಸಹಸಂಬಂಧದ ಅಂಕಿ (1 ಅಂದರೆ ಪೂರ್ತಿ ಹೊಂದಿಕೆ) 0.999 ಬಂದ ಕೂಡಲೇ ಫೈಲ್ ಮುಚ್ಚಬೇಡಿ. ಒಂದು ಚುಕ್ಕಿ ದೂರ ಇದ್ದರೆ ಆ ಅಂಕಿ ಸುಮ್ನೆ ಮೇಲೇರುತ್ತದೆ. ಪ್ರತಿ ಚುಕ್ಕಿ ಗೆರೆಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಇದೆ ಅಂತ ಬೇರೆಯಾಗಿ ಬರೆದು ನೋಡಿ. ಕಮಾನಿನಂತೆ ಬಾಗಿದ್ದರೆ ಅದು ನೇರ ಗೆರೆಯಲ್ಲ.

ಹಾಗಾದರೆ 1.5ರ ನೀರನ್ನು ಏನು ಮಾಡುವುದು? ಗೆರೆಯನ್ನು ಉದ್ದ ಎಳೆಯುವುದು ಬೇಡ. ನೀರಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸಿ, 0.75 ಆಗುತ್ತದೆ. ಚುಕ್ಕಿಗಳ ನಡುವಿಗೆ ಬಂದ ಆ ರೀಡಿಂಗನ್ನು ಎರಡರಿಂದ ಗುಣಿಸಿ.